ಕೆಳಗಿನ ಗದ್ದೆಯ ಬಂಗಾರಕ್ಕ

ಬಂಗಾರಕ್ಕ ಕೂ ಹಾಕಿದರೆ ಮಲಗಿದ್ದ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಆಳು ಕುಳ್ಳಗೆ, ಮೈಯಲ್ಲಿ ಮಾಂಸವಿಲ್ಲ. ಆ ದನಿ ಎಲ್ಲಿಂದ ಬರುತ್ತಿತ್ತೋ ದೇವರಿಗೇ ಗೊತ್ತು. ಬೆಳಗ್ಗೆ ದಿಬ್ಬದ ಮೇಲೆ ನಿಂತು, ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಒಮ್ಮೆ ಕೂಗಿದಳೆಂದರೆ ಮನೆಮನೆಯಿಂದ ಜನ ಕುಡುಗೋಲು ಹಿಡಿದು ಹೊರಡಬೇಕು. ಯಾರ ಗದ್ದೆಗೆ ಎಂದು ಕೇಳುವ ಹಾಗಿಲ್ಲ. ಹೊಸತರಲ್ಲಿ ನಾನು ಕೇಳಿ ಬೈಸಿಕೊಂಡಿದ್ದೆ.

"ಎಲ್ಲಿಗೆ ಅಂತ ಕೇಳ್ಕಂಡು ಬರೋದು ನೆಂಟ್ರು ಕಣೇ ತೀರ್ಥಳ್ಳಿ ಹೆಣ್ಣೇ. ನೀನು ನೆಂಟ್ರಾ, ಊರೋಳಾ?"

ನಾನು ತೀರ್ಥಹಳ್ಳಿ ಕಡೆಯಿಂದ ಸಾಗರದ ಈ ಹಿನ್ನೀರಿನ ಊರಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಾಗ ಊರಿನ ಒಳ್ಳೆಯ ಗದ್ದೆಗಳೆಲ್ಲ ಮುಳುಗಿ, ಉಳಿದವರು ಗುಡ್ಡ ಹತ್ತಿ ಮನೆ ಕಟ್ಟಿಕೊಂಡಿದ್ದರು. ಆ ಕಲ್ಲುನೆಲದಲ್ಲಿ ಬೆಳೆದದ್ದು ಅರ್ಧ ವರ್ಷಕ್ಕೂ ಸಾಲದು. ಆದರೆ ಬೇಸಿಗೆಯಲ್ಲಿ ನೀರು ಇಳಿಯುತ್ತಿತ್ತು. ಇಳಿದಂತೆ ಮುಳುಗಿದ್ದ ಹಳೆಯ ಗದ್ದೆಗಳು ಬದುಗಳ ಸಮೇತ ಒಂದೊಂದಾಗಿ ಹೊರಬರುತ್ತಿದ್ದವು. ಅಲ್ಲಿ ಭತ್ತ ಬಿತ್ತಿ, ಮಳೆಗಾಲದ ನೀರು ಮತ್ತೆ ಏರುವುದರೊಳಗೆ ಕೊಯ್ದುಕೊಳ್ಳಬೇಕು. ಆ ನೆಲಕ್ಕೆ ಯಾರ ಹೆಸರಿನಲ್ಲೂ ಪಟ್ಟೆಯಿಲ್ಲ. ವರ್ಷವರ್ಷವೂ ಊರವರೇ ಕೂತು ಹಂಚಿಕೊಳ್ಳುತ್ತಿದ್ದರು.

ಅದರಲ್ಲೊಂದು ತಾಪತ್ರಯ. ಮೇಲಿನ ಗದ್ದೆ ಮೊದಲು ಹೊರಬರುತ್ತದೆ, ಮೊದಲು ಬಿತ್ತಬಹುದು, ಮೊದಲು ಬಲಿಯುತ್ತದೆ. ಕೆಳಗಿನದು ಕೊನೆಗೆ ಬಿತ್ತಿದ್ದು, ಬಲಿಯುವುದೂ ಕೊನೆಗೆ. ಮುಳುಗುವುದು ಮಾತ್ರ ಎಲ್ಲಕ್ಕಿಂತ ಮೊದಲು. ಮನೆಯವರಷ್ಟೇ ಕೊಯ್ದು ಮುಗಿಸುವಷ್ಟು ಪುರುಸೊತ್ತನ್ನು ಮಳೆ ಕೊಡುವುದಿಲ್ಲ. ಹಾಗಾಗಿ ಮುಯ್ಯಾಳು: ಇವತ್ತು ಎಲ್ಲರೂ ನಿನ್ನ ಗದ್ದೆಗೆ, ನಾಳೆ ಎಲ್ಲರೂ ನನ್ನದಕ್ಕೆ. ಯಾವ ದಿನ ಯಾರದು ಎಂದು ಹೇಳುವ ಅಧಿಕಾರ ಬಂಗಾರಕ್ಕನದು. ಅದನ್ನು ಆಕೆಗೆ ಯಾರೂ ಕೊಟ್ಟದ್ದಲ್ಲ, ಗಂಡ ತೀರಿಕೊಂಡ ಮೇಲೆ ಆಕೆಯೇ ಎತ್ತಿಕೊಂಡದ್ದು ಎಂದು ನಮ್ಮತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ಕುಡುಗೋಲು ಹಿಡಿದು ಹೊರಡುತ್ತಿದ್ದರು.

ಒಮ್ಮೆ ಗ್ರಾಮಸೇವಕನಾಗಿದ್ದ ಹುಡುಗನೊಬ್ಬ ಬೇಗ ಬಲಿಯುವ ಹೊಸ ಭತ್ತದ ಬೀಜ ತಂದ. ಬಂಗಾರಕ್ಕ ಒಂದು ಹಿಡಿ ತೆಗೆದು ಮೂಸಿ, "ಇದ್ಕೆ ಈಜು ಬರ್ತದಾ ಸ್ವಾಮಿ?" ಎಂದಳು. ಆ ಹುಡುಗ ನಕ್ಕು, "ಈಜು ಬರಲ್ಲ ಅಮ್ಮಾ, ಓಟ ಬರ್ತದೆ. ನೀರು ಬರೋಕೆ ಮುಂಚೆ ಹಣ್ಣಾಗ್ತದೆ" ಎಂದ. ಉತ್ತರ ಹಿಡಿಸಿತು. ಆ ವರ್ಷ ಅದನ್ನು ಮೊದಲು ಬಿತ್ತಿದವಳು ಆಕೆಯೇ. ಅದರ ಅನ್ನ ರುಚಿಯಿಲ್ಲ ಎಂದು ಊರಿಗೆಲ್ಲ ಸಾರಿದವಳೂ ಆಕೆಯೇ. ಆದರೂ ಬಿತ್ತುವುದನ್ನು ಬಿಡಲಿಲ್ಲ.

ಆ ಹೊತ್ತಿಗೆ ಊರಿಗೆ ಶುಂಠಿಯ ಹುಚ್ಚು ಹಿಡಿದಿತ್ತು. ಮೊದಲು ಹಾಕಿದವನು ಗುತ್ಯಪ್ಪ. ಒಂದು ವರ್ಷ ಸಾಗರದ ಪೇಟೆಯಲ್ಲಿ ಒಳ್ಳೆಯ ದರ ಸಿಕ್ಕಿದ್ದೇ ತಡ, ಅವನ ನಡಿಗೆಯೇ ಬದಲಾಯಿತು. ಮುಯ್ಯಾಳಿಗೆ ಬರುವುದನ್ನು ನಿಲ್ಲಿಸಿದ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಕೊಯ್ಲಿನ ದಿನಗಳಲ್ಲೇ ಮುಯ್ಯಾಳಿಗೆ ಬರಬೇಕಾದವರನ್ನು ಕೂಲಿ ಕೊಟ್ಟು ತನ್ನ ಕಡೆಗೆ ಎಳೆದುಕೊಂಡ. ಗುಡ್ಡದ ಭತ್ತವನ್ನೂ ಕೈಬಿಟ್ಟು ಅಲ್ಲೆಲ್ಲ ಶುಂಠಿ ಹಾಕಿದ.

"ಶುಂಠಿ ಮಾರಿ ಅಕ್ಕಿ ತರೋದು ಚಂದವೇ ಗುತ್ಯಪ್ಪ. ಕೊಳ್ಳೋನು ಬರ್ದಿದ್ರೆ? ಕಷಾಯ ಕುಡ್ದು ಮಲಗ್ತೀಯಾ?" ಎಂದು ಬಂಗಾರಕ್ಕ ಎಲ್ಲರೆದುರೇ ಕೇಳಿದ್ದಳು. ಅವನು, "ನಿನ್ ಕಾಲ ಮುಗೀತು ಬಂಗಾರಕ್ಕ" ಎಂದು ಹೋಗಿದ್ದ.

ಎಂಬತ್ತರ ದಶಕದ ಒಂದು ವರ್ಷ ಶುಂಠಿ ದರ ನೆಲ ಕಚ್ಚಿತು. ಗುತ್ಯಪ್ಪನ ಶುಂಠಿ ಅರ್ಧ ಮಣ್ಣಲ್ಲೇ ಕೊಳೆಯಿತು. ಅವನ ಮನೆಗೆ ಉಳಿದದ್ದು ಹಿನ್ನೀರಿನ ಅಂಚಿನ ಗದ್ದೆ ಒಂದೇ, ಎಲ್ಲಕ್ಕಿಂತ ಕೆಳಗಿನದು. ಅದಕ್ಕೆ ಒಂದು ಗದ್ದೆ ಮೇಲೆ ನಮ್ಮದು. ನಮ್ಮ ಭತ್ತ ಹಣ್ಣಾಗಿ ಬಾಗಿತ್ತು. ಅವನದು ಇನ್ನೂ ಅರೆಹಸಿರು.

ಆ ದಿನ ನಮ್ಮೂರಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಸುಡುಬಿಸಿಲು. ಆದರೆ ಹೊಳೆ ಹರಿದು ಬರುವ ಹೊಸನಗರದ ಕಡೆ ರಾತ್ರಿಯಿಡೀ ಮಳೆ ಹೊಡೆದಿತ್ತು. ಹೊಳೆಯ ನೀರು ಕೆಂಪಾಗಿ, ಸದ್ದಿಲ್ಲದೆ ಮೇಲೆ ಬರುತ್ತಿತ್ತು. ಬಿಸಿಲಲ್ಲಿ ನಿಂತು ನೀರು ಏರುವುದನ್ನು ನೋಡುವಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಎಲ್ಲರೂ ನಮ್ಮ ಗದ್ದೆಯ ಬದುವಿನಲ್ಲಿ ಸೇರಿದ್ದೆವು. ಬಂಗಾರಕ್ಕ ಮಾತ್ರ ನಿಲ್ಲದೆ ಕೆಳಗಿಳಿದಳು.

"ಗುತ್ಯಪ್ಪಂದು ಮೊದ್ಲು."

ಯಾರೂ ಅಲುಗಲಿಲ್ಲ. ನಮ್ಮತ್ತೆ ಸೆರಗು ಸೊಂಟಕ್ಕೆ ಬಿಗಿದು ಎದುರು ನಿಂತರು. "ಹಣ್ಣಾದ್ದು ಬಿಟ್ಟು ಹಸ್ರು ಕೊಯ್ಯೋದಾ? ಅದೂ ಮುಯ್ಯಿ ಮುರ್ದೋನ್ದು? ನಿನ್ ಗದ್ದೆ ಮೇಲದೆ, ಕೊಯ್ದಾಗದೆ. ನಿಂಗೆಂತ ಹೋಗ್ತದೆ ಬಂಗಾರೀ?"

"ನಂಗೇನೂ ಹೋಗಲ್ಲ" ಎಂದಳು ಬಂಗಾರಕ್ಕ. "ಹಸಿ ಭತ್ತ ಕುಚ್ಚಿದ್ರೆ ಅನ್ನ ಆಗ್ತದೆ. ನೀರೊಳಗಿಂದು ಮೀನಿಗೆ. ನಿಮ್ಮನೇಲಿ ಗುಡ್ಡದ ಭತ್ತ ಒಂಚೂರಾದ್ರೂ ಅದೆ. ಅವ್ನ ಮನೇಲಿ ಎಂತದೆ? ಅವ್ನ ಮ್ಯಾಲೆ ಸಿಟ್ಟಿದ್ರೆ ಅವ್ನಿಗೆ ಬಯ್ಯಿ. ಮಕ್ಳ ಗಂಜಿ ಮ್ಯಾಲೆ ತೀರಿಸ್ಕಬ್ಯಾಡ."

ಗುತ್ಯಪ್ಪ ತನ್ನ ಗದ್ದೆಯ ನಡುವೆ ತಲೆ ಬಗ್ಗಿಸಿ ಒಬ್ಬನೇ ಕೊಯ್ಯುತ್ತಿದ್ದ. ಹೆಂಡತಿ ಕಂತೆ ಹೊರುತ್ತಿದ್ದಳು. ಬಂಗಾರಕ್ಕ ಅವನ ಪಕ್ಕ ಬಗ್ಗಿದಳು. ಒಬ್ಬರಾದ ಮೇಲೆ ಒಬ್ಬರು ಇಳಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಇಳಿದೆ. ಕೊನೆಯ ಸಾಲು ಕೊಯ್ಯುವಾಗ ನೀರು ಮೊಣಕಾಲಿಗೆ ಬಂದಿತ್ತು.

ಮಾರನೆಯ ದಿನ ನಮ್ಮದು. ಅಷ್ಟರಲ್ಲಿ ನಮ್ಮಲ್ಲೂ ಮಳೆ ಹಿಡಿದು, ಬಾಗಿದ್ದ ಭತ್ತ ಮಲಗಿಬಿಟ್ಟಿತ್ತು, ಮೇಲೆ ನೀರು ಹತ್ತಿತ್ತು. ಎಲ್ಲರೂ ಬಂದರು. ಕರೆಯದೆಯೇ ಬಂದ ಗುತ್ಯಪ್ಪ ಸೊಂಟಮಟ್ಟದ ನೀರಿನಲ್ಲಿ ಕೈಯಾಡಿಸಿ ತೆನೆ ಹುಡುಕಿ ಹುಡುಕಿ ಕೊಯ್ದ. ಅರ್ಧಕ್ಕರ್ಧ ಹೋಯಿತು. ಆ ಮಳೆಗಾಲ ನಾವು ಅನ್ನಕ್ಕಿಂತ ಗಂಜಿ ಕುಡಿದದ್ದೇ ಹೆಚ್ಚು. ನಮ್ಮತ್ತೆ ಬಂಗಾರಕ್ಕನ ಜೊತೆ ಮಾತು ಬಿಟ್ಟರು. ನಾನೂ ಬಿಟ್ಟೆ. ಹೊಟ್ಟೆಯ ಸಿಟ್ಟು ಅದು, ನ್ಯಾಯ ನೋಡುವುದಿಲ್ಲ.

ಮುಂದಿನ ವರ್ಷ ನೀರು ಇಳಿದು ಊರವರು ನಮ್ಮ ಜಗಲಿಯಲ್ಲಿ ಗದ್ದೆ ಹಂಚಲು ಕೂತಾಗ ಬಂಗಾರಕ್ಕ ನಮ್ಮ ಮಾವನಿಗೆ, "ನನ್ ಮೇಲಿನ್ ಗದ್ದೆ ನೀವು ಮಾಡಿ. ಕೆಳಗಿಂದು ನಂಗಿರ್ಲಿ, ನಿಮ್ದು ಗುತ್ಯಪ್ಪ ಮಾಡ್ಲಿ" ಎಂದಳು. ತಪ್ಪಾಯಿತು ಅನ್ನಲಿಲ್ಲ, ಉಪಕಾರ ಮಾಡಿದೆ ಎಂಬ ಮುಖವನ್ನೂ ಮಾಡಲಿಲ್ಲ. ಎಲೆ ಅಡಿಕೆ ಕೇಳಿದಳು. ನಮ್ಮತ್ತೆ ಒಳಗೆ ಹೋಗಿ ತಟ್ಟೆ ತಂದು ಆಕೆಯ ಮುಂದಿಟ್ಟರು. ಮೈಯಲ್ಲಿ ಶಕ್ತಿ ಇರುವ ತನಕ ಕೆಳಗಿನ ಗದ್ದೆಯನ್ನು ಬಂಗಾರಕ್ಕನೇ ಮಾಡಿದಳು. ಎರಡು ಸಲ ಪೂರ್ತಿ ಕಳೆದುಕೊಂಡಳು.

ಕಾಲು ಸೋತ ಮೇಲೆ ಮಗಳು ಹೊಸನಗರಕ್ಕೆ ಕರೆದುಕೊಂಡು ಹೋದಳು. ಒಂದು ಮೇ ತಿಂಗಳ ಕೊನೆಯಲ್ಲಿ ಒಂದಿಷ್ಟು ಕುಚ್ಚಲಕ್ಕಿ ಕಟ್ಟಿಕೊಂಡು ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಂಜಾಗಿತ್ತು, ಕೈ ಹಿಡಿದು ಗುರುತಿಸಿದಳು. ಅತ್ತೆ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ ಎಂದು ಕೇಳಲಿಲ್ಲ.

"ಈಗ ಕೆಳಗಿಂದು ಯಾರು ಮಾಡ್ತಾರೆ?"

"ನಾವೇ, ಬಂಗಾರಕ್ಕ. ನಾನೇ ಕೇಳಿ ತಗಂಡೆ."

ನನ್ನ ಕೈ ಬಿಟ್ಟಳು. "ಕೊಯ್ಲಾಯ್ತಾ?"

"ಇಲ್ಲ, ಇನ್ನೂ ಸ್ವಲ್ಪ ಹಸ್ರು."

"ಮತ್ತೆ ಇಲ್ಲೆಂತಕ್ಕೆ ಕೂತಿದೀಯಾ ಮಾರಾಯ್ತಿ! ಇಲ್ಲಿ ಆಗ್ಲೇ ಗುಡುಗ್ತಾ ಅದೆ, ಕೇಳಲ್ವಾ? ನನ್ ಮುಖ ನೋಡಿದ್ರೆ ಭತ್ತ ಮನೆಗೆ ಬರ್ತದಾ? ಏಳು, ಏಳು."

ಮಗಳು ಕಾಫಿ ತರುವಷ್ಟರಲ್ಲಿ ನನ್ನನ್ನು ಎಬ್ಬಿಸಿ ಕಳಿಸಿದಳು. ಬಸ್ಸಿನಲ್ಲಿ ಅಳು ಬಂತು, ನಗುವೂ ಬಂತು.

ಮೂರನೆಯ ದಿನ ನಾವೆಲ್ಲ ಕೆಳಗಿನ ಗದ್ದೆಯಲ್ಲಿದ್ದಾಗ ಬದುವಿನ ಮೇಲೆ ಬಂದು ನಿಂತವನೊಬ್ಬ ಬಂಗಾರಕ್ಕ ಹೋದಳು ಎಂದ. ಸಾವಿನ ಸುದ್ದಿ ಕೇಳಿದರೆ ಗದ್ದೆಯಿಂದ ಮೇಲೇಳುವುದು ನಮ್ಮಲ್ಲಿ ರೂಢಿ. ಗುತ್ಯಪ್ಪ ನನ್ನ ಮುಖ ನೋಡಿದ. ನಾನು ಏರುತ್ತಿದ್ದ ನೀರಿನ ಕಡೆ ನೋಡಿದೆ. ಯಾರೂ ಮೇಲೇಳಲಿಲ್ಲ. ಅಳುತ್ತಲೇ ಕೊಯ್ದು, ಕೊನೆಯ ಕಂತೆಯನ್ನು ದಿಬ್ಬಕ್ಕೆ ಹೊತ್ತು ಹಾಕಿ, ಕೆಸರುಗಾಲಿನಲ್ಲೇ ಹೊಸನಗರಕ್ಕೆ ಹೊರಟೆವು.