ಮೋಶಿ ದಾಟಲಾರದ ಲಾರಿ

ದಸರಾ ಮುಗಿದ ಮೇಲೆ ಮೂರು ವಾರ ನಮ್ಮ ಲಾರಿ ಪುಣೆ-ನಾಶಿಕ ರಸ್ತೆಯ ಮೋಶಿ ಊರು ದಾಟಲು ಒಲ್ಲೆನೆಂದು ಕೂತಿತು. ಭೋಸರಿಯಲ್ಲಿ ಮಾಲು ತುಂಬಿಕೊಂಡು ಹೊರಡುವಾಗ ಅದರಷ್ಟು ಶಾಣ್ಯಾ ಗಾಡಿ ಇನ್ನೊಂದಿಲ್ಲ. ಅರ್ಧ ತಾಸು ಓಡಿತೋ, ಎಂಜಿನ್ನು ಮಿಸ್ಸಿಂಗ್ ಹೊಡೆಯಲು ಸುರುಮಾಡುತ್ತಿತ್ತು, ಉಬ್ಬಸದವರು ಮೆಟ್ಟಿಲು ಹತ್ತಿದ ಹಾಗೆ ಒಂದು ಉಸಿರು ಎಳೆದು ಒಂದು ಬಿಟ್ಟು. ಎಕ್ಸಿಲರೇಟರ್ ಎಷ್ಟು ತುಳಿದರೂ ಎತ್ತಿಕೊಳ್ಳದು. ನಾಲ್ಕನೇ ಗೇರಿನಿಂದ ಮೂರು, ಮೂರರಿಂದ ಎರಡು, ಕಡೆಗೆ ರಸ್ತೆಯ ಮಗ್ಗುಲಿಗೆ ನಿಂತೇ ಬಿಡುತ್ತಿತ್ತು. ಹಿಂದೆ ಚಾಕಣಕ್ಕೆ ಹೋಗುವ ಗಾಡಿಗಳ ಸಾಲು, ಹಾರ್ನು, ಮರಾಠಿ ಬೈಗುಳ.

ಹಳೆಯ ಗಾಡಿ. ನಾನೂ ನನ್ನ ಅಣ್ಣನೂ ಸೇರಿ ನಡೆಸುವುದು, ಇರುವುದೂ ಅದೊಂದೇ. ಭೋಸರಿಯ ವರ್ಕ್‌ಶಾಪುಗಳಲ್ಲಿ ತಯಾರಾದ ಕಬ್ಬಿಣದ ಬಿಡಿಭಾಗಗಳನ್ನು ಚಾಕಣದ ಒಂದು ಕಾರ್ಖಾನೆಗೆ ಮುಟ್ಟಿಸುವುದು ನಮ್ಮ ಉದ್ಯೋಗ. ಓಡಿಸುವವರು ಕಾಕಾ. ಸಂಬಂಧದಲ್ಲಿ ಕಾಕಾ ಅಲ್ಲ, ಬೈಲಹೊಂಗಲದ ಕಡೆಯವರು. ನಮ್ಮ ಅಪ್ಪನ ಕಾಲಕ್ಕೆ ಪುಣೆಗೆ ಬಂದು ಸ್ಟಿಯರಿಂಗ್ ಹಿಡಿದವರು. ನನಗೆ ಗೇರು ಹಾಕಲು ಕಲಿಸಿದವರು ಅವರೇ. ನಾಲ್ಕು ಒಳ್ಳೆಯ ಮಾತು, ಹತ್ತು ಕೆಟ್ಟ ಮಾತು ಕಲಿಸಿದವರೂ ಅವರೇ.

ಗ್ಯಾರೇಜಿನ ಮಿಸ್ತ್ರಿ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿದ. ಮೂರು ದಿನ ಬಿಟ್ಟು ನೋಝಲ್ ಬಿಚ್ಚಿದ. ಆಮೇಲೆ ಡೀಸೆಲ್ ಪಂಪನ್ನೇ ಇಳಿಸಿ ಸ್ವಚ್ಛ ಮಾಡಿಸಿ ತಂದ. ಪ್ರತಿ ಸಲವೂ ಕೈ ಒರೆಸಿಕೊಂಡು ತಾನೇ ಏರಿ ಕೂತು ಎಂಐಡಿಸಿ ಕೈಗಾರಿಕಾ ವಸಾಹತಿನೊಳಗೆ ಎರಡು ಸುತ್ತು ಹೊಡೆದು ಬರುತ್ತಿದ್ದ. ಗಾಡಿ ಗುಂಡಿನ ಹಾಗೆ ಓಡುತ್ತಿತ್ತು. ಮರುದಿನ ಮಧ್ಯಾಹ್ನಕ್ಕೆ ಕಾಕಾನ ಫೋನು.

"ತಮ್ಮಾ, ಮತ್ತ ನಿಂತೈತಿ ನೋಡಪಾ."

ಡೀಸೆಲ್ ತೋರಿಸುವ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಕಾಕಾ ಇಳಿದು ಮೊದಲು ಟಾಕಿಗೆ ಕೋಲು ಇಳಿಬಿಟ್ಟು ಡೀಸೆಲ್ ಎಷ್ಟಿದೆ ನೋಡುವುದು, ಆಮೇಲೆ ಎಂಜಿನ್ನಿನ ಪಕ್ಕದ ಕೈಪಂಪು ಒತ್ತಿ ಒತ್ತಿ ಪೈಪಿನ ಗಾಳಿ ತೆಗೆಯುವುದು. ಅಷ್ಟಾದರೆ ಏನೂ ಆಗಿಲ್ಲವೆಂಬಂತೆ ಎಂಜಿನ್ನು ಸುರು. ಆದರೆ ಚಾಕಣದ ಗೇಟಿನಲ್ಲಿ ನಮ್ಮ ಪಾಳಿ ತಪ್ಪಿರುತ್ತಿತ್ತು. ಇನ್ನೊಮ್ಮೆ ತಡವಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಅಂದರು ಅಲ್ಲಿಯವರು.

ಮಿಸ್ತ್ರಿಗೂ ಸಾಕಾಗಿತ್ತು. "ನನ್ನ ಕೈಯಲ್ಲಿ ಓಡುತ್ತದೆ, ಅವರ ಕೈಯಲ್ಲಿ ನಿಲ್ಲುತ್ತದೆ. ರೋಗ ಗಾಡಿಗೋ ಡ್ರೈವರಿಗೋ, ನೀವೇ ನೋಡಿ," ಅಂತ ಮರಾಠಿಯಲ್ಲಿ ಅಂದುಬಿಟ್ಟ. ಅಣ್ಣ ಅದನ್ನು ಹಿಡಿದುಕೊಂಡ.

ಮರುದಿನ ಚಹಾದ ಹೊತ್ತಿಗೆ, ನಮ್ಮ ತಗಡಿನ ಆಫೀಸಿನಲ್ಲಿ, ಮಾತು ತೆಗೆದ. "ಕಾಕಾ, ವಯಸ್ಸಾತ್ರಿ. ಕ್ಲಚ್ಚಿನ ಮ್ಯಾಲೆ ಕಾಲಿಟ್ಟೇ ಓಡಸ್ತೀರಿ. ಗಾಡೀದೇನೂ ತಪ್ಪಿಲ್ಲ."

"ಕ್ಲಚ್ ಸುಟ್ರ ವಾಸನಿ ಬರತೈತಿ. ಬಂದೈತೇನ್ರಿ?"

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ."

ಕಾಕಾ ಚಹಾದ ಬಸಿಯನ್ನು ಕೆಳಗಿಟ್ಟರು. "ಮೂವತ್ತ ವರ್ಷ ಇದೇ ನೆಲದಾಗ ಕುಣದೇನಿ. ಆವಾಗ ಡೊಂಕ ಇರಲಿಲ್ರಿ."

ಅಣ್ಣ ಉಳಿದ ಚಹಾ ಕುಡಿದು ಮುಗಿಸಿದ. ಸೋಮವಾರದಿಂದ ಬೇರೆ ಡ್ರೈವರ್ ಬರುತ್ತಾನೆ, ನೀವು ಇನ್ನು ಆರಾಮ ಮಾಡಿರಿ ಅಂದ. ಕಾಕಾ ನನ್ನ ಮುಖ ನೋಡಿದರು. ನಾನು ಕಪ್ಪಿನೊಳಗಿನ ಚಹಾ ನೋಡಿದೆ. ಮೂರು ವಾರದಲ್ಲಿ ಎಷ್ಟು ದಣಿದಿದ್ದೆನೆಂದರೆ, ಈ ರಗಳೆ ಯಾರ ತಲೆಯ ಮೇಲಾದರೂ ಬಿದ್ದು ಮುಗಿದರೆ ಸಾಕಾಗಿತ್ತು.

"ಹಂಗಂದ್ರ ಶನಿವಾರದ್ದು ಕಡೀ ಖೇಪು," ಅಂದು ಎದ್ದು ಹೋದರು.

ಶನಿವಾರ ಆ ಕೊನೆಯ ಓಟಕ್ಕೆ ನಾನೂ ಜೊತೆಗೆ ಬರುತ್ತೇನೆಂದೆ. ಪ್ರೀತಿಗಾಗಿ ಹೋದೆ ಅಂತ ಈಗ ಹೇಳಿಕೊಳ್ಳಬಹುದು. ನಿಜ ಅಂದರೆ, ಅವರ ಎಡಗಾಲು ಎಲ್ಲಿರುತ್ತದೆ ಅಂತ ನೋಡುವುದಕ್ಕೆ ಹೋದೆ. ಅದು ಅವರಿಗೂ ತಿಳಿದಿತ್ತು. ಗಾಡಿ ಹೊರಬಿದ್ದ ಕೂಡಲೇ ಪಾಯಿಜಾಮವನ್ನು ಮೊಣಕಾಲಿನ ತನಕ ಎಳೆದುಕೊಂಡು, "ಛಲೋತ್ನಾಗ ನೋಡ್ರಿ, ಸಾವಕಾರ್ರ," ಅಂದರು. ಅಲ್ಲಿಯವರೆಗೆ ನಾನು ಅವರ ಬಾಯಲ್ಲಿ ಯಾವತ್ತೂ ತಮ್ಮಾ. ಸಾವಕಾರನಾದದ್ದು ಅವತ್ತೇ ಮೊದಲು.

ಎಡಗಾಲು ಕ್ಲಚ್ಚಿನಿಂದ ದೂರ, ಕೆಳಗಿನ ತಗಡಿನ ಮೇಲೆ ಸಪಾಟಾಗಿ ಮಲಗಿತ್ತು. ಮೋಶಿ ಬರುವ ಮುಂಚೆ ಎಂಜಿನ್ನು ಒಮ್ಮೆ ತಡವರಿಸಿತು. ಆಮೇಲೆ ಇನ್ನೊಮ್ಮೆ. ಕಾಲು ಅಲ್ಲಾಡಲಿಲ್ಲ. ಗಾಡಿ ಸೋತು ಸೋತು ಮಗ್ಗುಲಿಗೆ ಬಂದು ನಿಂತಿತು.

ಕಾಕಾ ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ಕೂತೇ ಇದ್ದರು. "ದಿನಾ ನಾನೇ ಇಳದೇನಿ. ಇವತ್ತ ನೀವು ಇಳೀರಿ."

ನಾನು ಕೋಲು ಹಿಡಿದುಕೊಂಡು ಇಳಿದೆ. ಡೀಸೆಲ್ ಟಾಕಿಯ ಮುಚ್ಚಳ ತಿರುಗಿತು, ಆದರೆ ಎದ್ದು ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದು ಜಗ್ಗುತ್ತಿರುವ ಹಾಗೆ. ಕಾಲನ್ನು ಚಾಸಿಗೆ ಒತ್ತಿ ಜೋರಾಗಿ ಎಳೆದೆ. ಬಿಟ್ಟುಕೊಂಡಿತು, ಜೊತೆಗೇ ಟಾಕಿ 'ಸುಂಯ್' ಅಂತ ಒಂದು ದೊಡ್ಡ ಉಸಿರು ಎಳೆದುಕೊಂಡಿತು.

ಬಾಟಲಿಗೆ ಬಾಯಿ ಹಚ್ಚಿ ಬಿಡದೇ ಹೀರಿದರೆ ತುಟಿಯನ್ನೇ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಎಂಜಿನ್ನು ಡೀಸೆಲ್ ಎಳೆಯುತ್ತಿತ್ತು, ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ಹೋಗುತ್ತಿರಲಿಲ್ಲ. ಗಾಳಿ ಹೋಗಲೆಂದೇ ಮುಚ್ಚಳದಲ್ಲಿ ಒಂದು ಸೂಜಿ ಮೊನೆಯಷ್ಟು ತೂತು ಇರುತ್ತದೆ. ಹೊರಳಿಸಿ ನೋಡಿದೆ. ತೂತು ಕಾಣಲಿಲ್ಲ. ಬಣ್ಣ ಕಂಡಿತು.

"ಕಾಕಾ, ಇದು ದಿನಾ ಇಷ್ಟ ಬಿಗಿ ಇರ್ತದೇನು?"

"ದಸರಾದಾಗಿಂದ ಬಿಗಿ ಐತಿ," ಅಂದರು ಮೇಲಿನಿಂದ. "ಬಣ್ಣ ಹಿಡಕೊಂಡೈತಿ ಅಂದ್ಕೊಂಡೆ. ಯಾಕ?"

ಖಂಡೇನವಮಿಯ ಹಿಂದಿನ ದಿನ ಕಾಕಾ ಊರಿಗೆ ಹೋಗಿದ್ದರು. ಆಯುಧಪೂಜೆಗೆ ಗಾಡಿ ಚಂದ ಕಾಣಲಿ ಅಂತ ನಾನೇ ತೊಳೆದು, ಬಂಪರಿಗೆ, ಗಾಲಿಯ ಹಬ್ಬಿಗೆ, ಉಳಿದ ಕೆಂಪು ಬಣ್ಣ ಕೆಡಿಸುವುದೇಕೆ ಅಂತ ಟಾಕಿಯ ಮುಚ್ಚಳಕ್ಕೂ ಎರಡು ಕೈ ಹಚ್ಚಿದ್ದೆ. ಮಿಸ್ತ್ರಿ ಹೊಡೆಯುತ್ತಿದ್ದ ಎರಡು ಸುತ್ತಿನಲ್ಲಿ ಟಾಕಿ ಇಷ್ಟು ಬಿಗಿಯುತ್ತಿರಲಿಲ್ಲ. ಕಾಕಾ ಕೋಲು ಬಿಡಲು ಮುಚ್ಚಳ ತೆಗೆದಾಗ ರೋಗ ತಾನೇ ಗುಣವಾಗುತ್ತಿತ್ತು, ಯಶಸ್ಸು ಕೈಪಂಪಿಗೆ ಹೋಗುತ್ತಿತ್ತು.

ಮುಚ್ಚಳವನ್ನು ಅವರ ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವರು ಇಳಿದು, ಒಂದು ತೆಳ್ಳನೆಯ ತಂತಿ ಹುಡುಕಿ, ತೂತಿನ ಬಣ್ಣ ಕೆತ್ತಿ, ಬಾಯಿ ಹಚ್ಚಿ ಊದಿದರು. ಗಾಳಿ ಆಚೆ ಬಂತು.

"ಒಂದೇ ಕೈ ಹಚ್ಚಿದ್ರ ಉಳೀತಿದ್ವಿ," ಅಂದರು. ನಗಲಿಲ್ಲ.

ಮೋಶಿ ದಾಟಿತು. ಇಂದ್ರಾಯಣಿ ಹೊಳೆಯ ಸೇತುವೆ ದಾಟಿತು. ಚಾಕಣದ ಗೇಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. "ತಪ್ಪು ನಂದು ಕಾಕಾ, ಸೋಮವಾರ ಬರ್ರಿ," ಅಂದೆ. "ನಿಮ್ಮ ಅಣ್ಣಾರು ಹೇಳ್ಲಿ," ಅಂದರು.

ಅಣ್ಣ ಸಂಗತಿ ಕೇಳಿ ಮೊದಲು ನಕ್ಕ, ಆಮೇಲೆ ನನ್ನನ್ನು ಬೈದ, ಆಮೇಲೆ ಮಿಸ್ತ್ರಿಯನ್ನು ಬೈದ. ಹೊಸ ಡ್ರೈವರಿಗೆ ಬರಬೇಡ ಅಂದ. ಕಾಕಾನಿಗೆ ಫೋನು ಹಚ್ಚಿ, "ಗಾಡಿ ಸರಿ ಆತಂತಲ್ಲ, ಸೋಮವಾರ ಬರ್ರಿ," ಅಂದ. ಅಷ್ಟೇ. ಆ ಡೊಂಕು ನೆಲದ ಮಾತನ್ನು ವಾಪಸು ತಗೊಳ್ಳಲಿಲ್ಲ. ನಾನೂ ತಗೊಳ್ಳೋ ಅನ್ನಲಿಲ್ಲ.

ಕಾಕಾ ಬಂದರು. ಈಗಲೂ ಅವರೇ ಓಡಿಸುತ್ತಾರೆ. ಆದರೆ ಮೊದಲು ಪೈಪು ಸೋರಿದರೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಎಂಟು ದಿನ ಬಿಟ್ಟು ನೆನಪಾದಾಗ ಹೇಳುತ್ತಿದ್ದ ಮನುಷ್ಯ ಈಗ ಹಾರ್ನಿನ ವೈರು ಕಿತ್ತರೂ ಫೋನು ಮಾಡುತ್ತಾರೆ. "ಬಂದು ನೋಡ್ರಿ." ನಾನು ಹೋಗುವ ತನಕ ಬೋಲ್ಟು ಬಿಚ್ಚುವ ಪಾನಾ ಮುಟ್ಟುವುದಿಲ್ಲ.

ಹೋದ ವಾರ ಫ್ಯಾನ್ ಬೆಲ್ಟು ಹರಿಯಿತು. ಕೆಲಸ ಬಿಟ್ಟು ಉರಿಬಿಸಿಲಿನಲ್ಲಿ ಸ್ಕೂಟರ್ ಮೇಲೆ ನಾಶಿಕ ರಸ್ತೆ ಹಿಡಿದು ಹೋದೆ. ಕಾಕಾ ಲಾರಿಯ ನೆರಳಿನಲ್ಲಿ ಕೂತಿದ್ದರು. ಹೊಸ ಬೆಲ್ಟು ಪಾಕೀಟಿನಿಂದ ಹೊರಗೆ ಬಂದಿತ್ತು, ಪಾನಾ ಪಕ್ಕದಲ್ಲೇ ಇತ್ತು. ಅವರಿಗೆ ಅದು ಹತ್ತು ನಿಮಿಷದ ಕೆಲಸ.

"ನೀವೇ ಹಾಕಬಹುದಿತ್ತಲ್ಲ ಕಾಕಾ?"

"ಹಾಕಬಹುದಿತ್ತು. ನೋಡಾಕ ಯಾರೂ ಇರಲಿಲ್ಲ."

ಮೊಣಕಾಲು ಹಿಡಿದುಕೊಂಡು ಎದ್ದು, ಬಾನೆಟ್ಟಿನೊಳಗೆ ಬಗ್ಗಿ ಬೋಲ್ಟು ಸಡಿಲು ಮಾಡತೊಡಗಿದರು. ನಾನು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಅವರ ಕೈಯನ್ನು ನೋಡುತ್ತ, ಬಿಸಿಲಿನಲ್ಲೇ ನಿಂತೆ.