ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಸಗಣಿ ಸಾರಿಸಿದ್ದು

ನಿಮ್ಮ ತಾತ ಹೋದ ಮೂರನೆಯ ವರ್ಷ ನನಗೆ ತುಮಕೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಯಾ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ಕೊನೆ ಅದು. ದಿನಾ ನಮ್ಮೂರು ಕೋರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹಳ್ಳಿಯ ಸ್ಕೂಲಿನಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು, ಗಂಡಸರು ಎದುರಿಗೆ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲುವವಳು. ಆರು ತಿಂಗಳಾದರೂ ಕಾಲೇಜಿನಲ್ಲಿ ನನ್ನ ದನಿ ಕೇಳಿದ್ದವರೆಂದರೆ ಪೀಟಿ ಮೇಡಂ ಒಬ್ಬರೇ. ಅವರೂ ಒಂದೊಂದು ಮಾತನ್ನು ಎರಡು ಸಲ ಹೇಳಿಸಿಕೊಳ್ಳುತ್ತಿದ್ದರು.

ಬೇಸಿಗೆ ರಜೆ ಮುಗಿದಾಗ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ತುಂಬ ಹುಲ್ಲು ಎದ್ದಿತ್ತು. ಮಣ್ಣಿನ ಕೋರ್ಟು. ಪ್ರಿನ್ಸಿಪಾಲರಿಗೆ ಆ ಜಾಗದ ಮೇಲೆ ಕಣ್ಣು. ಮೇಷ್ಟ್ರುಗಳ ಸ್ಕೂಟರುಗಳು ಬಿಸಿಲಿನಲ್ಲಿ ಕಾಯುತ್ತಿದ್ದವು, ಅಲ್ಲಿ ಶೀಟು ಹಾಕಿಸಿ ಸ್ಟ್ಯಾಂಡ್ ಮಾಡಬೇಕೆಂದು ಅವರ ಆಸೆ. ಪೀಟಿ ಮೇಡಂ ಬಹಳ ಬೇಡಿಕೊಂಡ ಮೇಲೆ ಅವರು ಹೇಳಿದರು: "ಶನಿವಾರ ಕುಣಿಗಲ್‌ನವರ ಜತೆ ಒಂದು ಮ್ಯಾಚ್ ಆಡಿ ತೋರಿಸಿ. ನೋಡೋಕೆ ಆಟ ಅನ್ನೋ ಥರ ಇದ್ರೆ ಕೋರ್ಟ್ ನಿಮ್ಮದು. ಇಲ್ದಿದ್ರೆ ಸೋಮವಾರ ಶೀಟಿನವ್ರು ಬರ್ತಾರೆ."

ಆಡುವ ಹುಡುಗಿಯರು ಎಂಟೇ ಜನ. ಅದರಲ್ಲಿ ಗುಬ್ಬಿಯಿಂದ ಬರುತ್ತಿದ್ದವಳು ಬಾಗಿಲು ದಾಟುವಾಗ ತಲೆ ತಗ್ಗಿಸುವಷ್ಟು ಎತ್ತರ. ಕ್ಯಾಪ್ಟನ್ ಅವಳ ಭುಜಕ್ಕೆ ಬರುತ್ತಿದ್ದಳು, ಆದರೆ ಬಾಯಿ ಇಬ್ಬರಿಗಾಗುವಷ್ಟು ಇತ್ತು.

ಬುಧವಾರ ಮೇಡಂ ನನ್ನನ್ನು ಕರೆದು, "ಆಯಮ್ಮ, ಗ್ರೌಂಡ್ ರೆಡಿ ಮಾಡಿ. ಸಮವಾಗಿರ್ಬೇಕು, ಗಟ್ಟಿಯಾಗಿರ್ಬೇಕು, ಧೂಳು ಏಳ್ಬಾರ್ದು" ಎಂದು ಹೇಳಿ ಪರಊರಿನಲ್ಲಿದ್ದ ಎರಡು ದಿನದ ಯಾವುದೋ ಮೀಟಿಂಗಿಗೆ ಹೋದರು.

ಸಮ, ಗಟ್ಟಿ, ಧೂಳಿಲ್ಲದ್ದು. ಇನ್ನೇನು ಹೇಳಬೇಕು? ರಾಗಿ ಬಡಿಯಲು ನಾವು ಕಣ ಮಾಡುತ್ತಿದ್ದುದೇ ಹಾಗೆ. ಹುಡುಗಿಯರೂ ನಾನೂ ಹುಲ್ಲು ಕಿತ್ತೆವು, ನೀರು ಹೊಡೆದೆವು, ಕಾಲೇಜಿನ ಹಳೆಯ ರೋಲರನ್ನು ಎಳೆದೆವು. ಶುಕ್ರವಾರ ಹಿಂದಿನ ಬೀದಿಯ ಹಾಲಿನವರ ಕೊಟ್ಟಿಗೆಯಿಂದ ಸಗಣಿ ತಂದು ಡ್ರಮ್ಮಿನಲ್ಲಿ ಬಗ್ಗಡ ಕಲಸಿದೆ. ಕ್ಯಾಪ್ಟನ್ ದುಪಟ್ಟಾದಲ್ಲಿ ಮೂಗು ಕಟ್ಟಿಕೊಂಡು ನಿಂತಳು.

"ಏನ್ಲೇ, ಸಿಟಿಯೋಳೇ, ಬಾರೇ ಇಲ್ಲಿ. ಕೈ ಹಾಕಿದ್ರೆ ಸತ್ತೋಗಲ್ಲ ಕಣೇ" ಎಂದಳು ಗುಬ್ಬಿಯವಳು. ಮೊಣಕೈವರೆಗೆ ಹಸಿರಾಗಿದ್ದಳು.

"ನಾನು ಬಾಲ್ ಹಾಕೋಕೆ ಸೇರಿದ್ದು, ಬೆರಣಿ ತಟ್ಟೋಕಲ್ಲ."

"ಹೋದ ವರ್ಷ ಬಾಲೂ ಹಾಕ್ಲಿಲ್ವಲ್ಲ, ಇದಾದ್ರೂ ಮಾಡು."

ಸಂಜೆ ಬಂದ ಮೇಡಂ ಗೇಟಿನ ಹತ್ತಿರವೇ ನಿಂತುಬಿಟ್ಟರು. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದರು. ಆಮೇಲೆ ಬಾಲು ಪುಟಿಸಿ ನೋಡಿದರು. ಚೆನ್ನಾಗಿಯೇ ಪುಟಿಯಿತು. "ಆಗ್ಲಿ ಬಿಡಿ" ಎಂದು, ಗೆರೆಗಳನ್ನೆಲ್ಲ ಬರೆದಿದ್ದ ಒಂದು ಚೀಟಿ, ಹಗ್ಗ, ಬಿಳಿ ಪುಡಿಯ ಮೂಟೆ ಕೊಟ್ಟರು. "ಬೆಳಿಗ್ಗೆ ಲೈನ್ ಹಾಕ್ಬಿಡಿ."

ಶನಿವಾರ ಮೊದಲ ಬಸ್ಸಿಗೇ ಬಂದೆ. ಉದ್ದ ಗೆರೆ, ಅಡ್ಡ ಗೆರೆ, ಎಲ್ಲ ಹಗ್ಗ ಹಿಡಿದು ಎಳೆದೆ. ನಡುವೆ ಮೊಳೆ ನೆಟ್ಟು ದೊಡ್ಡ ಸುತ್ತು ಹಾಕಿದೆ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಸಾರಿಸಿದ ನೆಲ, ಬೆಳಗಿನ ಹೊತ್ತು, ಕೈಯಲ್ಲಿ ಪುಡಿ. ಸುತ್ತು ಖಾಲಿ ಕೂತಿತ್ತು. ನಿಮ್ಮ ತಾತ ಹೋದ ಮೇಲೆ ಬಾಗಿಲಿಗೆ ರಂಗೋಲಿ ಬಿಡುವುದನ್ನು ಅತ್ತೆ ನಿಲ್ಲಿಸಿಬಿಟ್ಟಿದ್ದರು. ನಾನೂ ಸುಮ್ಮನಾಗಿದ್ದೆ. ಬೆರಳು ಸುಮ್ಮನಾಗಿರಲಿಲ್ಲವೆಂದು ಆವತ್ತು ಗೊತ್ತಾಯಿತು. ಹದಿನೈದರಿಂದ ಎಂಟಕ್ಕಿಳಿಯುವ ಚುಕ್ಕಿ ಇಟ್ಟು ಸುತ್ತಿನ ತುಂಬ ತಾವರೆ ಬಿಟ್ಟೆ. ಎದ್ದು ನಿಂತು ನೋಡಿದಾಗಲೇ ಮಾಡಿದ್ದೇನೆಂದು ಅರ್ಥವಾದದ್ದು. ಅಷ್ಟರಲ್ಲಿ ಕುಣಿಗಲ್ಲಿನವರು ಬಸ್ಸಿಳಿದು ಗೇಟಿನೊಳಗೆ ಬರುತ್ತಿದ್ದರು.

ಅವರೂ ರೈತರ ಮಕ್ಕಳೇ. ಸಾರಿಸಿದ ನೆಲ ಕಂಡು ಅಂಚಿನಲ್ಲೇ ಶೂ ಬಿಚ್ಚಿ ಸಾಲಾಗಿ ಇಟ್ಟರು. ಅವರ ಮೇಷ್ಟ್ರು, "ಯಾರ್ರೀ ಬಿಚ್ಚು ಅಂದಿದ್ದು?" ಎಂದರು. "ಕಣ ಸಾ" ಎಂದಳು ಒಬ್ಬಳು. ಮೇಷ್ಟ್ರೂ ಬಗ್ಗಿ ತಮ್ಮ ಶೂ ಬಿಚ್ಚಿದರು.

ಈ ಆಟ ಶುರುವಾಗುವುದೇ ನಡುವಿನ ಸುತ್ತಿನಲ್ಲಿ. ಎರಡೂ ಕಡೆಯ ಎತ್ತರದವರು ಅಲ್ಲಿ ಎದುರುಬದುರು ನಿಲ್ಲಬೇಕು, ಸೀಟಿ ಊದುವವರು ಬಾಲು ಮೇಲಕ್ಕೆ ಎಸೆಯಬೇಕು. ಗುಬ್ಬಿಯವಳು ಆಚೆ ಅಂಚಿನಲ್ಲಿ, ಕುಣಿಗಲ್ಲಿನವಳು ಈಚೆ ಅಂಚಿನಲ್ಲಿ, ಬಾವಿಗೆ ಬಗ್ಗಿದ ಹಾಗೆ ಕೈ ಚಾಚಿ ನಿಂತರು. ಸೀಟಿಯವರು ಹೊರಗಿನಿಂದಲೇ ಎಸೆದರು. ಬಾಲು ತಾವರೆಯ ನಡುವೆ ಬಿದ್ದು, ಪುಟಿದು, ತಾನಾಗಿಯೇ ಉರುಳಿಕೊಂಡು ಆಚೆ ಬರುವವರೆಗೆ ಎಲ್ಲರೂ ಕಾದರು.

ಆಮೇಲೂ ಅಷ್ಟೇ. ಕಣದ ನಡುವಿನ ಮೇಟಿಗಂಬದ ಸುತ್ತ ಎತ್ತು ತಿರುಗಿದ ಹಾಗೆ ಹತ್ತು ಹುಡುಗಿಯರೂ ಸುತ್ತುಬಳಸಿಯೇ ಓಡಿದರು. ಕ್ಯಾಪ್ಟನ್ ಒಮ್ಮೆ ಜೋರಿನಲ್ಲಿ ನುಗ್ಗಿದಾಗ ಅವಳನ್ನು ತಡೆಯಬೇಕಾದ ಕುಣಿಗಲ್ಲಿನ ಹುಡುಗಿಯೇ, "ಏ, ತುಳೀಬ್ಯಾಡ ಕಣೇ" ಎಂದು ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಅದಕ್ಕೂ ಫೌಲ್ ಕೊಟ್ಟರು, ಪಾಪ.

ಪ್ರಿನ್ಸಿಪಾಲರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಲು ಗಂಟೆ ನೋಡಿ, "ಮೇಡಂ, ಇದು ಆಟನಾ, ಪ್ರದಕ್ಷಿಣೆನಾ?" ಎಂದರು. ಮೇಡಂ ಮುಖ ಸಣ್ಣದಾಯಿತು. ಪ್ರಿನ್ಸಿಪಾಲರು ಎದ್ದು ಕುರ್ಚಿ ತೆಗೆಯುವಂತೆ ಸನ್ನೆ ಮಾಡಿದರು.

ನಾನು ನೀರಿನ ಡ್ರಮ್ಮಿನ ಹಿಂದೆ ಅಡಗಿದ್ದೆ. ಹುಡುಗಿಯರ ಕೋರ್ಟು ಹೋಗುತ್ತಿತ್ತು, ನನ್ನ ಒಂದು ತಾವರೆಯಿಂದ. ಹೇಗೆ ಹೊರಗೆ ಬಂದೆನೋ ತಿಳಿಯದು. ಸೆರಗು ಬಿಗಿದುಕೊಂಡು, ಅಷ್ಟು ಗಂಡಸರ ಕಣ್ಣೆದುರಿಗೆ ನಡುವಿನ ಸುತ್ತಿಗೆ ಹೋಗಿ, ತಾವರೆಯ ಮೇಲೆ ಎರಡೂ ಪಾದ ಇಟ್ಟು ನಿಂತೆ.

"ಹಾಕ್ದೋಳೇ ಮೊದ್ಲು ತುಳುದ್ರೆ ದೋಸ ಇಲ್ಲ ಕಣ್ರವ್ವ. ಇನ್ನು ನೀವೂ ತುಳೀರಿ, ಆಡ್ರಿ."

ಎಲ್ಲರೂ ನನ್ನನ್ನೇ ನೋಡಿದರು. ಪ್ರಿನ್ಸಿಪಾಲರು ಕೇಳಿದರು, "ಹಂಗಂತ ಯಾರಮ್ಮ ಹೇಳಿದ್ದು?"

"ನಮ್ಮತ್ತೆ ಸಾ."

ನಮ್ಮೂರಲ್ಲಿ ಅಂಥ ಶಾಸ್ತ್ರ ಯಾವುದೂ ಇರಲಿಲ್ಲ. ಅತ್ತೆಗೆ ಗೊತ್ತಾಗಿದ್ದರೆ ಊಟಕ್ಕೆ ಕರೆಯುತ್ತಿರಲಿಲ್ಲ. ಆದರೆ ಅತ್ತೆ ಹೇಳಿದ್ದೆಂದ ಮೇಲೆ ಆ ಹತ್ತು ಹುಡುಗಿಯರಿಗೆ ಸಾಕಾಯಿತು. ಗುಬ್ಬಿಯವಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟಳು. ಸೀಟಿ ಊದಿದರು. ಆಮೇಲೆ ನಡೆದದ್ದು ಆಟ. ಕಾಲಿಗೆ ಕಾಲು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ತಾವರೆಯನ್ನೆಲ್ಲ ಹಿಮ್ಮಡಿಗೆ ಮೆತ್ತಿಕೊಂಡು ಆಡಿದರು. ಗೆದ್ದವರು ಕುಣಿಗಲ್ಲಿನವರು. ಎದ್ದಿದ್ದ ಪ್ರಿನ್ಸಿಪಾಲರು ಮಾತ್ರ ಮತ್ತೆ ಕೂತು, ಮುಗಿಯುವವರೆಗೂ ಕುರ್ಚಿಯ ತುದಿಯಲ್ಲೇ ಇದ್ದರು.

ಸೋಮವಾರ ಶೀಟಿನವರು ಬಂದರು. ಅವರನ್ನು ಲೈಬ್ರರಿಯ ಹಿಂದಿನ ಖಾಲಿ ಜಾಗಕ್ಕೆ ಕಳಿಸಿದರು. ಇತ್ತ ಪ್ರಾಕ್ಟೀಸು ಮುಗಿಸಿದ ಗುಬ್ಬಿಯವಳು ಬೆವರು ಒರೆಸಿಕೊಳ್ಳುತ್ತ ಪುಡಿಯ ಡಬ್ಬಿ ತಂದು ನನ್ನ ಕೈಗಿಟ್ಟಳು.

"ನಮ್ದಾಯ್ತು ಆಯಮ್ಮ. ಈಗ ನೀವು ಹಾಕಿ. ನಾಳೆ ನೀವೇ ಮೊದ್ಲು ಬಂದು ತುಳೀಬೇಕು, ಮರೀಬ್ಯಾಡಿ."

ಆ ವರ್ಷವೆಲ್ಲ ನಾನೇ ಮೊದಲು ತುಳಿದೆ.