ತೆಂಗಿನೆಣ್ಣೆ ಹೊಯ್ದು ಇಳಿಸಿದ ವಿಮಾನ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಿಮಾನದ ಪರಿಚಾರಿಕೆಯಾಗಿದ್ದೆ. ಪುತ್ತೂರಿನ ಹುಡುಗಿ ಆಕಾಶದಲ್ಲಿ ಕಂಡವರಿಗೆಲ್ಲ ಚಹಾ ಕೊಡುವುದೇ ಎಂದು ನೆಂಟರಲ್ಲಿ ಅರ್ಧ ಜನ ನನ್ನೊಡನೆ ಮಾತು ಬಿಟ್ಟಿದ್ದರು.

ಒಂದು ಡಿಸೆಂಬರ್ ಬೆಳಿಗ್ಗೆ ಬಜ್ಪೆಯಿಂದ ಬೆಂಗಳೂರಿಗೆ ಹೊರಟ ನಮ್ಮ ಡಕೋಟಾ ವಿಮಾನದಲ್ಲಿ ಹದಿನೆಂಟು ಪ್ರಯಾಣಿಕರಿದ್ದರು. ಕಡಬದ ಮೇಲೆ ಹಾರುತ್ತಿದ್ದಾಗ ಚಹಾ ಹಿಡಿದು ಮುಂದಿನ ಕೋಣೆಗೆ ಹೋದೆ. ಸಹ ಪೈಲಟ್ ಸೀಟಿನ ಹಿಂದೆ ಮೊಣಕಾಲೂರಿದ್ದರು. ನೆಲವೆಲ್ಲ ಕೆಂಪು ಎಣ್ಣೆ. ಇಳಿಸಿದ ಚಕ್ರಗಳನ್ನು ಬಿಗಿಹಿಡಿಯಲು, ಬ್ರೇಕು ಒತ್ತಲು ಬೇಕಾದ ಎಣ್ಣೆ ಅದು. ಒಂದು ಕೊಳವೆ ಬಿರುಕು ಬಿಟ್ಟು ಅಷ್ಟೂ ಸೋರಿಹೋಗಿತ್ತು.

"ಬಿರುಕಿಗೆ ಬಟ್ಟೆ, ಟೇಪು ಸುತ್ತಿದ್ದೇನೆ. ಕೈಪಂಪೂ ಇದೆ. ಆದರೆ ತೊಟ್ಟಿಯೇ ಖಾಲಿ," ಎಂದರು ಅವರು.

ಕ್ಯಾಪ್ಟನ್ ವಿಮಾನವನ್ನು ಬಜ್ಪೆಯ ಕಡೆಗೆ ತಿರುಗಿಸಿದರು. ಅಲ್ಲಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಬ್ರೇಕಿಲ್ಲದೆ ಇಳಿದರೆ ಅದರಾಚೆ ಕಣಿವೆ.

"ನೀರು ಹೊಯ್ದರೆ ಆಗದೇ?" ಎಂದೆ.

"ಆ ಬಿರುಕಿನಲ್ಲಿ ನೀರು ನಿಲ್ಲುವುದಿಲ್ಲ. ದಪ್ಪಗಿರುವಂಥದ್ದು ಏನಾದರೂ ಬೇಕು," ಎಂದರು ಕ್ಯಾಪ್ಟನ್.

ನಾನು ಹಿಂದಕ್ಕೆ ಓಡಿದೆ. ಪ್ರಯಾಣಿಕರಿಂದ ಏನನ್ನೂ ಮುಚ್ಚಿಡಲಿಲ್ಲ. "ವಿಮಾನದ ಎಣ್ಣೆ ಸೋರಿದೆ. ಯಾರ ಹತ್ತಿರವಾದರೂ ತೆಂಗಿನೆಣ್ಣೆ ಉಂಟಾ?" ಎಂದು ಕೇಳಿದೆ.

ಬೆಳ್ಳಾರೆಯ ಹಿರಿಯ ಹೆಂಗಸೊಬ್ಬರು ಕಾಲಬುಡದ ಚೀಲ ಬಿಚ್ಚಿ ಎರಡು ಬಾಟಲಿ ಎತ್ತಿದರು. "ಮಗಳ ಬಾಣಂತನಕ್ಕೆ ಅಂತ ತಂದದ್ದು. ಹಿಡಿ ಮಾರಾಯ್ತಿ, ಕೇಳುದೆಂತ!"

ಪುತ್ತೂರಿನ ಬ್ಯಾರಿ ವ್ಯಾಪಾರಿಯೊಬ್ಬರು ಒಂದು ಡಬ್ಬಿ ಮುಂದೆ ಮಾಡಿದರು. "ಬೆಂಗಳೂರಿನ ಅಂಗಡಿಯವರಿಗೆ ತೋರಿಸ್ಲಿಕ್ಕೆ ಇಟ್ಟ ಎಣ್ಣೆ. ಗಾಣದ್ದೇ, ಕಲಬೆರಕೆ ಇಲ್ಲ."

ತೆಗೆದು ನೋಡಿದರೆ ಚಳಿಗೆ ಎಲ್ಲವೂ ಬೆಳ್ಳಗೆ ಮೇಣದ ಹಾಗೆ ಗಟ್ಟಿಯಾಗಿತ್ತು. ಆದರೆ ಚಹಾದ ಫ್ಲಾಸ್ಕುಗಳಲ್ಲಿ ಬಿಸಿನೀರಿತ್ತು. ಅದನ್ನು ಬೇಸಿನ್ನಿಗೆ ಸುರಿದು ಬಾಟಲಿಗಳನ್ನೂ ಡಬ್ಬಿಯನ್ನೂ ಅದರಲ್ಲಿಟ್ಟು ಉರುಳಿಸತೊಡಗಿದೆ. ವ್ಯಾಪಾರಿಯೂ ತೋಳು ಮಡಚಿ ಪಕ್ಕದಲ್ಲಿ ಕೂತರು. ಹೊರಗಿನ ಗಾಳಿ ಬೆಚ್ಚಗಿರಲೆಂದು ಕ್ಯಾಪ್ಟನ್ ಕೆಳಕ್ಕಿಳಿದು ನೇತ್ರಾವತಿಯ ಮೇಲೆ ಸುತ್ತು ಹಾಕುತ್ತಿದ್ದರು.

ಕರಗಿದ ಎಣ್ಣೆಯನ್ನು ಚಹಾದ ಕೆಟಲಿಗೆ ತುಂಬಿ, ಅದರ ಮೂತಿಯಿಂದ ತೊಟ್ಟಿಗೆ ಹೊಯ್ದೆ. ಸಹ ಪೈಲಟ್ ಪಂಪು ಒತ್ತಿದರು. ಒತ್ತಡ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ಮತ್ತೆ ಹೊಯ್ದೆ, ಅವರು ಮತ್ತೆ ಒತ್ತಿದರು. ಟೇಪಿನ ಸಂದಿಯಿಂದ ಎಣ್ಣೆ ಜಿನುಗುತ್ತಿದ್ದರೂ ಮುಳ್ಳು ಮೆಲ್ಲನೆ ಮೇಲೇರಿತು. ಚಕ್ರಗಳು ಇಳಿದು ಬಿಗಿಯಾದವೆಂದು ಹಸಿರು ದೀಪ ಹತ್ತಿದಾಗ ಸಹ ಪೈಲಟ್ ದೊಡ್ಡದಾಗಿ ಕೂಗಿದರು. ಏನು ಕೂಗಿದರೋ, ಅವರ ಮನೆಮಾತು ನನಗೆ ಬರುತ್ತಿರಲಿಲ್ಲ.

"ಬ್ರೇಕಿಗೂ ಬೇಕು. ನಿಲ್ಲಿಸಬೇಡಿ," ಎಂದರು ಕ್ಯಾಪ್ಟನ್.

ನೆಲ ಮುಟ್ಟುವಾಗಲೂ ನಾನು ಅಲ್ಲೇ, ಸೀಟಿನ ಕಾಲು ತಬ್ಬಿಕೊಂಡು ಕೆಟಲು ಬಗ್ಗಿಸಿಯೇ ಇದ್ದೆ. ವಿಮಾನ ಒಮ್ಮೆ ಕುಪ್ಪಳಿಸಿ ಓಡಿತು. ಬ್ರೇಕು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. ನಿಂತಾಗ ರನ್‌ವೇ ಇನ್ನೂ ಸಾಕಷ್ಟು ಉಳಿದಿತ್ತು. ಒಳಗೆಲ್ಲ ಅಡುಗೆಮನೆಯ ಪರಿಮಳ.

ಕ್ಯಾಪ್ಟನ್ ಹಿಂದೆ ಬಂದು ವ್ಯಾಪಾರಿಯ ಎಣ್ಣೆಗೈಯನ್ನು ಕುಲುಕಿದರು, ಬೆಳ್ಳಾರೆಯ ಅಮ್ಮನ ಕಾಲು ಮುಟ್ಟಿದರು. ಆ ಅಮ್ಮನಿಗೆ ನಾಚಿಕೆಯಾಯಿತು. "ಬಿಡಿ ಬಿಡಿ, ಎಣ್ಣೆ ಮನೆಯಲ್ಲಿ ಬೇಕಾದಷ್ಟು ಉಂಟು!"

ಮಧ್ಯಾಹ್ನ ಬೇರೆ ವಿಮಾನ ಬಂತು. ಯಾರಾದರೂ ಹತ್ತುವರೋ ಇಲ್ಲವೋ ಎಂದು ನಾನು ಮೆಟ್ಟಿಲ ಮೇಲೆ ನಿಂತು ಎಣಿಸಿದೆ. ಹದಿನೆಂಟೂ ಜನ ಹತ್ತಿದರು. ಸೀಟಿನ ಪಟ್ಟಿ ಬಿಗಿದುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳುವುದು ನಿಯಮ. ನಾನು ನಮ್ಮೂರ ಮಾತು ತುಳುವಿನಲ್ಲಿ ಹೇಳಿದೆ. ವಿಮಾನವಿಡೀ ಚಪ್ಪಾಳೆ ತಟ್ಟಿತು.